ಉಪ್ಪಿನಕಾಯಿ ಬಾಟಲಿಗೆ ಹೂವಿನ ಯೋಗ



ನಿಮ್ಮ ಅಡುಗೆಮನೆಯ ಮೇಲಿನ ಶೆಲ್ಫನ್ನೊಮ್ಮೆ ನೋಡಿ. ಜ್ಯಾಮು, ಜೇನುತುಪ್ಪ, ಕಾಫಿಪುಡಿ, ಉಪ್ಪಿನಕಾಯಿ ಬಂದಿದ್ದ ಗಾಜಿನ ಬಾಟಲಿಗಳು ಸಾಲಾಗಿ ಕುಳಿತಿರುತ್ತವೆ. "ಇದೆಲ್ಲ ಯಾಕಮ್ಮಾ? ರದ್ದಿಯವನಿಗೆ ಕೊಡಬಾರದೇ?" ಎಂದು ನೀವು ಗೊಣಗಿರಲೂಬಹುದು.

ನಿಮ್ಮ ವಯಸ್ಸಿನಲ್ಲಿ ನಾನೂ ಗೊಣಗಿದವನೇ. ಚಾಳಿನಿಂದ ಫ್ಲ್ಯಾಟಿಗೆ ಮನೆ ಬದಲಿಸಿದಾಗ, ಅಮ್ಮ ಇಲ್ಲದ ಹೊತ್ತು ನೋಡಿ ಅಷ್ಟನ್ನೂ ತೂಕಕ್ಕೆ ಹಾಕಿಬಿಟ್ಟೆ. ಅಮ್ಮ ಬೈಯಲಿಲ್ಲ. ವಾರ ಕಳೆದ ಮೇಲೆ ಒಂದೇ ಮಾತು ಕೇಳಿದಳು: "ಆ ಹಾರ್ಲಿಕ್ಸ್ ಬಾಟಲಿಯೂ ಹೋಯಿತೇನೋ?" ವರ್ಷಕ್ಕೊಮ್ಮೆ ಖಾಲಿಯಾಗಿ ಸಾಗರಕ್ಕೆ ಹೋಗಿ, ಅಪ್ಪೆಮಿಡಿ ತುಂಬಿಕೊಂಡು ಮುಂಬಯಿಗೆ ಬರುತ್ತಿದ್ದ ಬಾಟಲಿ ಅದು. ಅಜ್ಜಿ ಕೊನೆಯ ಸಲ ಉಪ್ಪಿನಕಾಯಿ ಕಳಿಸಿದ್ದೂ ಅದರಲ್ಲೇ.

ಆದ್ದರಿಂದ ಹೂದಾನಿ ಮಾಡುವ ಮೊದಲ ಪಾಠ ಇಷ್ಟೇ: ಬಾಟಲಿ ಎತ್ತಿಕೊಳ್ಳುವ ಮುನ್ನ ಅಮ್ಮನನ್ನು ಕೇಳಿ.

ಇನ್ನು ಕೆಲಸಕ್ಕೆ ಬರೋಣ. ಬಾಟಲಿಯನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ತಣ್ಣನೆಯ ಗಾಜಿಗೆ ಕುದಿಯುವ ನೀರು ಹಾಕಬೇಡಿ, ಒಡೆದೀತು. ಲೇಬಲ್ ಕಿತ್ತ ಮೇಲೆ ಉಳಿಯುವ ಅಂಟಿಗೆ ಕೊಬ್ಬರಿ ಎಣ್ಣೆ ಮತ್ತು ಅಡುಗೆ ಸೋಡ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಉಪ್ಪಿನಕಾಯಿಯ ವಾಸನೆ ಗಾಜಿನಲ್ಲಿ ಉಳಿಯುವುದಿಲ್ಲ, ಮುಚ್ಚಳದಲ್ಲಿ ಉಳಿಯುತ್ತದೆ. ಮುಚ್ಚಳ ನಮಗೆ ಬೇಕಿಲ್ಲ.

ಅಲಂಕಾರಕ್ಕೆ ಪೇಟೆಗೆ ಓಡಬೇಡಿ. ಹರಿದುಹೋದ ಇಳಕಲ್ ಸೀರೆಯಿದ್ದರೆ, ಕೇಳಿಕೊಂಡು, ಅದರ ಅಂಚನ್ನು ಕತ್ತರಿಸಿ ಫೆವಿಕಾಲ್‌ನಿಂದ ಬಾಟಲಿಯ ನಡುವಿಗೆ ಅಂಟಿಸಿ. ಸೆಣಬಿನ ಹುರಿಯನ್ನು ಕುತ್ತಿಗೆಗೆ ಒತ್ತಾಗಿ ಸುತ್ತಿದರೂ ಚೆನ್ನ. ಬಣ್ಣ ಬಳಿಯುವುದಾದರೆ ಹೊರಮೈಗೆ ಮಾತ್ರ; ಒಳಗೆ ಬಳಿದರೆ ನೀರಿಗೆ ಎದ್ದು ಬರುತ್ತದೆ. ಬಾಯಿ ಅಗಲವಾಗಿದ್ದು ಹೂ ವಾಲುತ್ತಿದ್ದರೆ, ಸೆಲೋಟೇಪನ್ನು ಬಾಯಿಯ ಮೇಲೆ ಅಡ್ಡ-ಉದ್ದ ಎಳೆದು ಜಾಲರಿ ಮಾಡಿ.

ಸೀಮೆಎಣ್ಣೆಯಲ್ಲಿ ಅದ್ದಿದ ದಾರ ಸುತ್ತಿ, ಬೆಂಕಿ ಕೊಟ್ಟು ಬಾಟಲಿ ಕತ್ತರಿಸುವ ಸಾಹಸವೊಂದಿದೆ. ಅದು ಬೇಡ. ಗಾಜು ಅಡ್ಡಾದಿಡ್ಡಿ ಸೀಳುತ್ತದೆ, ಕೈಯೂ ಸೀಳೀತು.

ದಾದರ್ ಹೂಮಾರುಕಟ್ಟೆಯಲ್ಲಿ 'ನಿಶಿಗಂಧ' ಎಂದು ಕೇಳಿ ತರುತ್ತೀರಲ್ಲ, ಅದು ನಮ್ಮ ಸುಗಂಧರಾಜ. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದುಬಿಡಿ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಒಳಮೈಯನ್ನು ಉಜ್ಜಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನ ಅಂಚಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಇಷ್ಟೆಲ್ಲ ಒಂದು ಬಾಟಲಿಗಾಗಿಯೇ ಎನ್ನಬೇಡಿ. ಗಾಜನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ, ನಿಜ. ಆದರೆ ಅದಕ್ಕೆ ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತೊಳೆದು ಬಳಸಲು ಒಂದು ತಂಬಿಗೆ ನೀರು ಸಾಕು. ಪುಣೆಗೆ ಹೋಗುವ ರೈಲಿನಲ್ಲಿ ತಳೇಗಾಂವ್ ದಾಟುತ್ತೀರಿ. ಸ್ವದೇಶಿ ಚಳವಳಿಯ ಕಾಲದಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿ 'ಪೈಸಾ ಫಂಡ್' ಗಾಜಿನ ಕಾರ್ಖಾನೆ ಶುರುವಾದದ್ದು ಅಲ್ಲೇ, 1908ರಲ್ಲಿ. ನಮ್ಮ ಹಿರಿಯರಿಗೆ ಗಾಜು ಅಷ್ಟು ಬೆಲೆಯ ವಸ್ತುವಾಗಿತ್ತು.

ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಈ ಸಲದ ರಾಜ್ಯೋತ್ಸವದ ವೇದಿಕೆಗೆ ನೀವೇಕೆ ತಲಾ ಒಂದು ಹೂದಾನಿ ತರಬಾರದು? ಜೊತೆಗೆ ಒಂದು ಚೀಟಿ: ಈ ಬಾಟಲಿ ಯಾವ ಊರಿನದು, ಅದರಲ್ಲಿ ಏನು ಬಂದಿತ್ತು, ಕಳಿಸಿದವರು ಯಾರು. ತಪ್ಪಿದರೂ ಸರಿ, ಕನ್ನಡದಲ್ಲೇ ಬರೆಯಿರಿ. ತಿಳಿಯದಿದ್ದರೆ ಅಮ್ಮ ಹೇಳಿಯಾಳು, ನೀವು ಕೇಳಬೇಕಷ್ಟೆ.

ನನ್ನ ಕೈಯಲ್ಲಿ ಈಗ ಚೀಟಿ ಮಾತ್ರ ಇದೆ. ಬಾಟಲಿ ಇಲ್ಲ.