ಹಗುರ ಮಾಡಿಸುವ ಮುನ್ನ
ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಜಾವಾ, ಯೆಜ್ಡಿ ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಅವನ್ನು ಜೋಪಾನ ಮಾಡುವವರ ಮೇಲೆ ನನಗೆ ಅಪಾರ ಗೌರವ. ಅವರಲ್ಲಿ ಕೆಲವರಿಗೆ ಫ್ಲೈವೀಲ್ ಹಗುರ ಮಾಡಿಸುವ ಆಸೆ. ಲೇತಿನಲ್ಲಿ ಒಂದಿಷ್ಟು ಲೋಹ ತೆಗೆಸಿದರೆ ಆಕ್ಸಿಲರೇಟರ್ ತಿರುವಿದೊಡನೆ ಎಂಜಿನ್ ಸರ್ರನೆ ಏರುತ್ತದೆ, ನಿಜ. ಆದರೆ ಎಂಜಿನ್ನಿನ ಶಕ್ತಿಯೇನೂ ಹೆಚ್ಚುವುದಿಲ್ಲ. ಬದಲಿಗೆ ಐಡ್ಲಿಂಗಿನ ಆ ನಿಧಾನದ ಬಡಿತ ಹೋಗುತ್ತದೆ, ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಡುವಾಗ ಗಾಡಿ ಆಫ್ ಆಗದೆಂಬ ಭರವಸೆಯೂ ಹೋಗುತ್ತದೆ. ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಫ್ಲೈವೀಲ್ ಇರುವುದು ಕ್ರ್ಯಾಂಕ್‌ಕೇಸಿನ ಒಳಗೆ. ಪೆಟ್ರೋಲು, ಗಾಳಿಯ ಮಿಶ್ರಣ ಮೊದಲು ಅಲ್ಲಿಗೇ ಬಂದು, ಪಿಸ್ಟನ್ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಮೇಲೆ ಸಿಲಿಂಡರಿಗೆ ಹೋಗಬೇಕು. ಅಂಚು ಕೆತ್ತಿದಷ್ಟೂ ಒಳಗೆ ಜಾಗ ಹೆಚ್ಚಿ ಆ ಒತ್ತಡ ಸಡಿಲವಾಗುತ್ತದೆ. ಬ್ಯಾಲೆನ್ಸ್ ತಪ್ಪಿತೋ, ಹ್ಯಾಂಡಲ್ ಹಿಡಿದ ಕೈ ಜುಮ್ಮೆನ್ನುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಅದೇ ದುಡ್ಡಿನಲ್ಲಿ 6 ವೋಲ್ಟಿನ ಹಳೆಯ ವಿದ್ಯುತ್ ವ್ಯವಸ್ಥೆ ತೆಗೆಸಿ 12 ವೋಲ್ಟಿನ ಸಿಡಿಐ ಇಗ್ನಿಷನ್ ಹಾಕಿಸಿ ಅಂತಲೇ ನಾನು ಹೇಳುವುದು. ಪಾಯಿಂಟಿಗೆ ಉಪ್ಪುಕಾಗದ ಉಜ್ಜುವ ಕೆಲಸ ತಪ್ಪುತ್ತದೆ. ಹೆಡ್‌ಲೈಟಿನ ಬೆಳಕು ಹೆಚ್ಚಿ ರಾತ್ರಿ ಘಾಟಿಯಲ್ಲಿ ತಿರುವು ಸರಿಯಾಗಿ ಕಾಣುತ್ತದೆ. ಬ್ರೇಕ್ ಲೈನಿಂಗೂ ಹೊಸದಾಗಲಿ. ಬಿಚ್ಚಿದ ಡೈನಮೊವನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಿ. ಮುಂದೆಂದಾದರೂ ಗಾಡಿಯನ್ನು ಮೂಲರೂಪಕ್ಕೆ ತರಬೇಕೆನಿಸಿದರೆ ಅಸಲಿ ಬಿಡಿಭಾಗ ಹುಡುಕುವುದು ಸುಲಭವಲ್ಲ.