ಹಾಜರಿ ಪುಸ್ತಕಕ್ಕೆ ಕಾಣದ ಕಾಯಿಲೆ

ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿತು. ಆಗಲೇಬೇಕಿದ್ದ ಕೆಲಸ. ಆದರೆ ಆಪ್ತಸಮಾಲೋಚಕರ ಕೊಠಡಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದ ಹುಡುಗಿ ಅಲ್ಲಿಂದ ಹೊರಟು ಪರೀಕ್ಷಾ ವಿಭಾಗದ ಕಿಟಕಿಗೆ ಹೋಗಲೇಬೇಕು. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಅಟೆಂಡೆನ್ಸ್ ಎಷ್ಟಿದೆ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಲ್ಲಿ ಶೇ 85 ಹಾಜರಾತಿ ಬೇಕು. ಸಕಾರಣವಿದ್ದರೆ ಕುಲಪತಿ ಶೇ 10ರವರೆಗೆ ಮನ್ನಾ ಮಾಡಬಹುದು. ಖಿನ್ನತೆ ಗಾಢವಾದರೆ ವಾರಗಟ್ಟಲೆ ಹಾಸಿಗೆ ಬಿಟ್ಟೇಳಲು ಆಗುವುದಿಲ್ಲ. ಹದಿನೈದು ವಾರದ ಸೆಮಿಸ್ಟರ್‌ನಲ್ಲಿ ಐದು ವಾರ ಹೋದರೆ ಉಳಿಯುವುದು ಶೇ 67. ಡೆಂಗಿ ಬಂದವನ ಕೈಯಲ್ಲಿ ಪ್ಲೇಟ್‌ಲೆಟ್ ವರದಿ ಇರುತ್ತದೆ, ಅಪಘಾತವಾದವನ ಕೈಗೆ ಪ್ಲಾಸ್ಟರ್ ಇರುತ್ತದೆ. ಇವಳ ಬಳಿ ತೋರಿಸಲು ಏನಿದೆ? ಸರ್ಟಿಫಿಕೇಟ್ ತಂದರೆ ಅದರಲ್ಲಿ ಕಾಯಿಲೆಯ ಹೆಸರಿರುತ್ತದೆ. ಅದು ಗುಮಾಸ್ತರಿಂದ ಎಚ್‌ಒಡಿಗೆ, ಅಲ್ಲಿಂದ ಪ್ರಾಂಶುಪಾಲರಿಗೆ ಹೋಗುತ್ತದೆ. ಕ್ಯಾಂಪಸ್ ಸಂದರ್ಶನದ ಚಿಂತೆ ಅವಳದು, ಮದುವೆ ಮಾತುಕತೆಯ ಚಿಂತೆ ಅವಳ ತಾಯಿಯದು. ಹಾಗಾಗಿ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಸುಮ್ಮನೆ ಇಯರ್ ಬ್ಯಾಕ್ ಆಗುತ್ತಾರೆ.

ಚಿಕಿತ್ಸೆಗೆ ಹೋಗುವುದೂ ಗೈರುಹಾಜರಿಯೇ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಬರುವುದು ಮಂಗಳವಾರ. ಊರಿಗೆ ಹತ್ತಿರ, ಖರ್ಚಿಲ್ಲ, ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ಮಂಗಳವಾರ ತರಗತಿಯೂ ಇರುತ್ತದೆ, ಲ್ಯಾಬೂ ಇರುತ್ತದೆ.

ಕಾನೂನು ಈ ಮಕ್ಕಳ ಪರವಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಸೂಕ್ತ ಅನುಕೂಲ ಕೇಳಲು ಶೇ 40ರ ಅಂಗವೈಕಲ್ಯ ಇರಲೇಬೇಕೆಂದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಇವು ವಿಶ್ವವಿದ್ಯಾಲಯಗಳ ಪರೀಕ್ಷಾ ನಿಯಮಾವಳಿಯೊಳಗೆ ಇಳಿಯಬೇಕು. ವೈದ್ಯರು ರೋಗದ ಹೆಸರು ಬರೆಯದೆ, ‘ಇಷ್ಟು ದಿನ ತರಗತಿಗೆ ಬರಲಾಗದು, ಪರೀಕ್ಷೆಗೆ ಹೆಚ್ಚಿನ ಸಮಯ ಬೇಕು’ ಎಂದಷ್ಟೇ ಬರೆದರೆ ಸಾಕಾಗಬೇಕು. ಆ ಪತ್ರ ಆಪ್ತಸಮಾಲೋಚಕರಲ್ಲೇ ಉಳಿಯಲಿ, ವಿಭಾಗಕ್ಕೆ ಅವರ ಒಂದು ಸಾಲಿನ ಶಿಫಾರಸು ಹೋಗಲಿ. ಆ ಶಿಫಾರಸಿಗೆ ವಾರದೊಳಗೆ ಲಿಖಿತ ಉತ್ತರ ಬರಲಿ. ಒಂದು ಸೆಮಿಸ್ಟರ್ ಬಿಟ್ಟು ಬಂದವರಿಗೆ ಮತ್ತೆ ಶುಲ್ಕ ಕಟ್ಟದೆ, ಹಾಸ್ಟೆಲ್ ಕೊಠಡಿ ಕಳೆದುಕೊಳ್ಳದೆ ಮರಳಲು ದಾರಿಯಿರಲಿ.

ಅರ್ಜಿಯನ್ನು ಗೆಳತಿಯೋ ತಾಯಿಯೋ ಮೆಂಟರೋ ಹಾಕಿದರೂ ನಡೆಯಬೇಕು. ಸಹಾಯ ಕೇಳುವ ಶಕ್ತಿಯನ್ನೇ ಕಿತ್ತುಕೊಳ್ಳುವ ಕಾಯಿಲೆ ಇದು. ರೋಗಿಯೇ ಸಾಲಿನಲ್ಲಿ ನಿಲ್ಲಬೇಕೆನ್ನುವ ನಿಯಮ ಅವಳನ್ನು ತಲುಪುವುದಿಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ (14416) ಕಷ್ಟದಲ್ಲಿರುವವರ ಪರವಾಗಿ ಮನೆಯವರೂ ಕರೆ ಮಾಡಬಹುದು. ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಅಷ್ಟು ತೆರೆದ ಬಾಗಿಲು ಕಾಲೇಜು ಕಚೇರಿಗೂ ಬೇಕು. ಮುಂದಿನ ಸೆಮಿಸ್ಟರ್‌ನ ಹಾಜರಾತಿ ಪಟ್ಟಿ ನೋಟಿಸ್ ಬೋರ್ಡ್ ಏರುವ ಮೊದಲೇ ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾವಿಷಯಕ ಪರಿಷತ್ತುಗಳು ಈ ತಿದ್ದುಪಡಿಯನ್ನು ಕೈಗೆತ್ತಿಕೊಳ್ಳಬೇಕು.