ಈ ಮುಖಕ್ಕೂ ಒಂದು ಹೆಸರಿದೆ

ನಮ್ಮ ದೊಡ್ಡವ್ವ ವಿಧವೆಯಾದ ಸುದ್ದಿ ನನಗೆ ತಿಳಿದದ್ದು ಅಕ್ಕನ ಮಗನ ಮೊಬೈಲಿನಿಂದ. ಆ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪ ಮಳವಳ್ಳಿಯ ಮನೆಯ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಹುಡುಗ ಬೆಂಗಳೂರಿನಲ್ಲಿ ಓದುತ್ತಾನೆ. ಯಾವುದೋ ಛಾಯಾಚಿತ್ರ ಸ್ಪರ್ಧೆಯಲ್ಲಿ ಬಹುಮಾನ ಬಂದ ಚಿತ್ರವಂತೆ. ಗೆಳೆಯರು ಒಬ್ಬರಿಂದೊಬ್ಬರಿಗೆ ಕಳಿಸುತ್ತಾ ಅವನಿಗೂ ಬಂದಿತ್ತು. ಕಪ್ಪು-ಬಿಳುಪಿನ ಚಿತ್ರ. ಮದ್ದೂರಿನ ಬಸ್ ನಿಲ್ದಾಣದಲ್ಲಿ ಕೆನ್ನೆಗೆ ಅಂಗೈ ಊರಿ, ಹುಬ್ಬು ಗಂಟಿಕ್ಕಿ, ಎತ್ತಲೋ ನೋಡುತ್ತಾ ಕೂತಿರುವ ಮುದುಕಿ. ಮುಖದ ಒಂದೊಂದು ಸುಕ್ಕೂ ಉತ್ತ ಹೊಲದ ಸಾಲಿನಂತೆ ಎದ್ದು ಕಾಣುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಒಂಟಿ ವಿಧವೆಯ ಮೌನ ಎಂದು ಅದರ ಅರ್ಥ.

"ಚಿಕ್ಕಮ್ಮ, ಇದು ಮಳವಳ್ಳಿ ಅಜ್ಜಿ ಅಲ್ವಾ?" ಎಂದ.

ಅಲ್ಲದೆ ಇನ್ಯಾರು? ಆ ದಿನವೂ ನನಗೆ ನೆನಪಿದೆ. ದವಡೆ ಹಲ್ಲು ನೋವೆಂದು ದೊಡ್ಡವ್ವ, ದೊಡ್ಡಪ್ಪ ಇಬ್ಬರೂ ಮದ್ದೂರಿನ ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಅವರನ್ನು ಹಲ್ಲಿನ ಡಾಕ್ಟರ ಬಳಿ ಬಿಟ್ಟು ನಾನು ಶಾಲೆಗೆ ಹೋಗಿದ್ದೆ. ಡಾಕ್ಟರು ಹಲ್ಲು ಕಿತ್ತು, ಹತ್ತಿ ಇಟ್ಟು, ಒಂದು ಗಂಟೆ ಬಾಯಿ ತೆರೆಯಬೇಡಿ ಎಂದಿದ್ದರು. ಅದು ಆ ಮೌನ. ಇನ್ನು ಒಂಟಿತನದ ವಿಚಾರ. ದೊಡ್ಡಪ್ಪ ಮೊಮ್ಮಕ್ಕಳಿಗೆ ಮದ್ದೂರು ವಡೆ ಕಟ್ಟಿಸಿಕೊಂಡು ಬರಲು ಹೋಗಿದ್ದರು. ಹತ್ತು ನಿಮಿಷ ತಡವಾಗಿತ್ತು. ಆ ಹತ್ತು ನಿಮಿಷದಲ್ಲಿ ಯಾರೋ ಒಬ್ಬ ಬಂದು, ನೋಡಿ, ಕ್ಲಿಕ್ಕಿಸಿ, ಅವಳ ಐವತ್ತೈದು ವರ್ಷದ ಸಂಸಾರವನ್ನು ಮುಗಿಸಿಬಿಟ್ಟಿದ್ದ!

ನಗು ಬಂತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ವಿಧವೆಯಾಗುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ನಮ್ಮ ತಾಯಿ ಇಪ್ಪತ್ತು ವರ್ಷ ವಿಧವೆಯಾಗಿಯೇ ತಲೆಯೆತ್ತಿ ಬಾಳಿದವಳು. ನನ್ನ ತಕರಾರು ಬೇರೆ. ಆ ಮನುಷ್ಯ ದೊಡ್ಡವ್ವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಬಾಯಲ್ಲಿ ಹತ್ತಿ ಇದ್ದರೂ ಕೈಸನ್ನೆ ಮಾಡಿ ಹೇಳುತ್ತಿದ್ದಳು. ಅವಳ ಹಣೆಯಲ್ಲಿ ಕಾಸಗಲ ಕುಂಕುಮವಿತ್ತು, ಕೈತುಂಬ ಹಸಿರು ಗಾಜಿನ ಬಳೆಯಿತ್ತು. ಕಣ್ಣಿದ್ದವರಿಗೆ ಅಷ್ಟು ಸಾಕು. ಆದರೆ ಬಣ್ಣ ತೆಗೆದ ಮೇಲೆ ಕುಂಕುಮ ಹಣೆಯ ಕಂದಿನಲ್ಲಿ ಕಲಸಿಹೋಯಿತು, ಹಸಿರು ಬಳೆ ಕರ್ರಗಾಯಿತು. ತಾನೇ ಬಣ್ಣ ಅಳಿಸಿ, ಬಣ್ಣವಿಲ್ಲದ ಬಾಳು ಎಂದು ತಾನೇ ಮರುಗುವುದು ಯಾವ ನ್ಯಾಯ?

ಮೊದಲು ಈ ಕಪ್ಪು-ಬಿಳುಪಿನ ವಿಷಯವನ್ನೇ ತೆಗೆದುಕೊಳ್ಳೋಣ. ನಾನು ಚಿಕ್ಕವಳಿದ್ದಾಗ ಕಪ್ಪು-ಬಿಳುಪು ಬಿಟ್ಟರೆ ನಮಗೆ ಬೇರೆ ಗತಿಯಿರಲಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಂಡ್ಯಕ್ಕೆ ಹೋಗಿ ಸ್ಟುಡಿಯೋದಲ್ಲಿ ನಿಲ್ಲುತ್ತಿದ್ದೆವು. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲಿ ಅರಮನೆಯ ಮೆಟ್ಟಿಲು, ಕೊಳ, ಚಂದ್ರ. ಸ್ಟುಡಿಯೋದವರೇ ಇಟ್ಟಿದ್ದ ಪೌಡರು, ಬಾಚಣಿಗೆ, ಪಕ್ಕದ ಮನೆಯಿಂದ ಕೇಳಿ ತಂದ ವಾಚು. ಫೋಟೋ ಬಂದ ಮೇಲೆ ಇನ್ನಷ್ಟು ದುಡ್ಡು ಕೊಟ್ಟರೆ ಕುಂಚದಲ್ಲಿ ಸೀರೆಗೆ ಹಸಿರು, ತುಟಿಗೆ ಕೆಂಪು ಹಚ್ಚಿಕೊಡುತ್ತಿದ್ದರು. ಬಣ್ಣ ಬೇಕೆಂದು ಕೈಯಿಂದ ಕಾಸು ಕೊಟ್ಟ ಜನ ನಾವು. ಈಗ ಬಣ್ಣ ತಾನಾಗಿಯೇ ಬರುವ ಕ್ಯಾಮೆರಾ ಹಿಡಿದುಕೊಂಡು ಬಂದು, ನಮ್ಮ ಮುಖಕ್ಕೆ ಬಂದ ಕೂಡಲೇ ಅದನ್ನು ತೆಗೆದುಹಾಕುತ್ತಾರೆ. ತಮ್ಮ ಮನೆಯ ಮಗುವಿನ ಹುಟ್ಟುಹಬ್ಬದ ಚಿತ್ರವನ್ನು ಇವರು ಕಪ್ಪು-ಬಿಳುಪಿನಲ್ಲಿ ತೆಗೆಯುತ್ತಾರೆಯೇ? ಕೇಳಿ ನೋಡಿ.

ಬಣ್ಣ ತೆಗೆದರೆ ಸತ್ಯ ಎದ್ದು ಕಾಣುತ್ತದೆಯಂತೆ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಈ ಮಾತು ಆಡಲಿ ನೋಡೋಣ. ಅಲ್ಲಿ ಅಚ್ಚಿನ ಬಣ್ಣ ನೋಡಿಯೇ ಬೆಲೆ ಕಟ್ಟುವುದು. ಹಳದಿಯಾಗಿ ಹೊಳೆದರೆ ಒಂದು ಬೆಲೆ, ಕಪ್ಪಗಿದ್ದರೆ ಇನ್ನೊಂದು. ಆ ಆಸೆಗೆ ಬಿದ್ದು ಕೊಪ್ಪರಿಗೆಗೆ ರಾಸಾಯನಿಕ ಸುರಿಯುವುದು ಕೆಟ್ಟ ಚಾಳಿ, ಅದು ಬೇರೆ ಮಾತು. ಆದರೆ ಬಣ್ಣವೂ ಒಂದು ಸಮಾಚಾರವೆಂಬುದು ಆಲೆಮನೆಯ ಕೂಲಿಯವನಿಗೂ ಗೊತ್ತು. ಈ ಛಾಯಾಗ್ರಾಹಕರಿಗೋ ಆಲೆಮನೆಯಲ್ಲಿ ಬೇಕಾದದ್ದು ಹೊಗೆ, ಆವಿ, ಬೆವರು. ಕಬ್ಬಿನ ಹಸಿರು, ನೊರೆಯ ಹೊಂಬಣ್ಣ, ಒಲೆಯ ಮುಂದೆ ಕೂತವನು ಹಾಕಿರುವ ಕ್ರಿಕೆಟ್ ತಂಡದ ನೀಲಿ ಅಂಗಿ, ಇವು ಯಾವುವೂ ಬೇಡ. ನೀಲಿ ಅಂಗಿ ಕಂಡರೆ ಅವನು ಈ ಕಾಲದವನಾಗಿಬಿಡುತ್ತಾನೆ. ಅದು ಅಳಿಸಿಹೋದರೆ ನೂರು ವರ್ಷದ ಹಿಂದಿನ ಬಡವನಾಗಿ ಕಾಣುತ್ತಾನೆ. ಅವರಿಗೆ ಬೇಕಾದದ್ದೂ ಅದೇ.

ಕಪ್ಪು-ಬಿಳುಪಿನ ಮೇಲೆ ನನಗೆ ಹಗೆಯಿಲ್ಲ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಬಾಳಿನ ಬಹುಭಾಗ ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಮುದುಕರಿದ್ದಾರೆ. ಅವರು ಕೆಲಸ ಮಾಡುತ್ತಿರುತ್ತಾರೆ, ನಗುತ್ತಿರುತ್ತಾರೆ, ಹರಟುತ್ತಿರುತ್ತಾರೆ. ನೋಡುವವನಿಗೆ ಅವರ ಬಗ್ಗೆ ಅಯ್ಯೋ ಎನಿಸುವುದಿಲ್ಲ, ಜೊತೆಗೆ ಕೂರಬೇಕೆನಿಸುತ್ತದೆ. ಆದ್ದರಿಂದ ದೋಷ ಬಣ್ಣದ್ದಲ್ಲ, ಬಣ್ಣ ತೆಗೆಯುವ ಕಣ್ಣಿನದು.

ಈಗ ಅವರ ವಾದಗಳಿಗೆ ಬರುತ್ತೇನೆ. ಕೇಳಿ ತೆಗೆದರೆ ಸಹಜತೆ ಹೋಗುತ್ತದೆ ಎನ್ನುವುದು ಮೊದಲನೆಯದು. ಬೀದಿ ಚಿತ್ರದ ಗುರುವೆಂದು ಇವರೆಲ್ಲ ಕೈಮುಗಿಯುವ ಫ್ರಾನ್ಸಿನ ಆನ್ರಿ ಕಾರ್ಟಿಯೇ ಬ್ರೆಸೋನರ ಪುಸ್ತಕ 1952ರಲ್ಲಿ ಬಂತು. ಇಂಗ್ಲಿಷಿನಲ್ಲಿ ಅದಕ್ಕೆ 'ನಿರ್ಣಾಯಕ ಕ್ಷಣ' ಎಂಬ ಅರ್ಥದ ಗಂಭೀರ ಹೆಸರು. ಮೂಲ ಫ್ರೆಂಚ್ ಹೆಸರಿನ ಅರ್ಥ ಹೆಚ್ಚುಕಡಿಮೆ 'ಗುಟ್ಟಾಗಿ, ಅವಸರದಲ್ಲಿ ತೆಗೆದ ಚಿತ್ರಗಳು'. ಪರವಾನಗಿಯಿಲ್ಲದೆ ಬೀದಿಯಲ್ಲಿ ಸರಕು ಮಾರುತ್ತಾ ಪೊಲೀಸರು ಕಂಡರೆ ಗಂಟು ಕಟ್ಟಿ ಓಡುವವರ ವ್ಯಾಪಾರಕ್ಕೆ ಆ ಭಾಷೆಯಲ್ಲಿ ಬಳಸುವ ಮಾತು ಅದು. ಗುರುಗಳು ಒಪ್ಪಿಕೊಂಡದ್ದನ್ನು ಶಿಷ್ಯರು ಮಾತ್ರ ಸಹಜತೆ ಎನ್ನುತ್ತಾರೆ.

ನಿಮ್ಮ ಚಿತ್ರದಿಂದ ಬಡವರ ಕಷ್ಟ ಲೋಕಕ್ಕೆ ತಿಳಿಯುತ್ತದಲ್ಲವೆ ಎನ್ನುವುದು ಎರಡನೆಯದು. ಇದು ತೂಕದ ಮಾತು, ಒಪ್ಪುತ್ತೇನೆ. ಆದರೆ ಅಮೆರಿಕದ 'ವಲಸೆ ತಾಯಿ' ಚಿತ್ರದ ಕಥೆ ಕೇಳಿ. 1936ರ ಮಾರ್ಚಿಯಲ್ಲಿ ಡೊರೋತಿಯಾ ಲ್ಯಾಂಜ್ ಎಂಬಾಕೆ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಬಟಾಣಿ ಕೀಳುವ ಕೂಲಿಯವರ ಬಿಡಾರಕ್ಕೆ ಹೋಗಿ, ಮಕ್ಕಳನ್ನು ತಬ್ಬಿ ಕೂತ ತಾಯಿಯೊಬ್ಬಳ ಚಿತ್ರ ತೆಗೆದರು. ವಯಸ್ಸು 32 ಎಂದು ಬರೆದುಕೊಂಡರು, ಹೆಸರು ಕೇಳಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂದು ಸರ್ಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಕೂಲಿ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು. ಅವಳ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷದ ಮೇಲೆ. ನನ್ನ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಕಾಸೂ ಹುಟ್ಟಲಿಲ್ಲ, ನನ್ನ ಹೆಸರನ್ನೂ ಕೇಳಲಿಲ್ಲ ಎಂದು ಅವಳು ದೂರಿದಳು. 1998ರಲ್ಲಿ ಆ ಮುಖ ಅಂಚೆ ಚೀಟಿಯಾಯಿತು. ಅವಳು 1983ರಲ್ಲೇ ತೀರಿಕೊಂಡಿದ್ದಳು.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂದು ಎಂಟು ಸಂಪುಟಗಳನ್ನು ಹೊರತಂದರು. ಜಾತಿ, ಬುಡಕಟ್ಟುಗಳ ಮಾದರಿಯೆಂದು ನಮ್ಮ ಜನರನ್ನು ನಿಲ್ಲಿಸಿ ತೆಗೆದ ಚಿತ್ರಗಳು. ಬಹಳಷ್ಟು ಮುಖಗಳ ಕೆಳಗೆ ಇರುವುದು ಜಾತಿಯ ಹೆಸರು, ಮನುಷ್ಯರ ಹೆಸರಲ್ಲ. ಇಂದು 'ಗ್ರಾಮೀಣ ವೃದ್ಧೆ', 'ಮಳವಳ್ಳಿಯ ರೈತ', 'ಹಸಿದ ಕಣ್ಣುಗಳು' ಎಂದು ಬರೆಯುವವರು ಆ ಸಾಹೇಬರಿಗಿಂತ ಎಷ್ಟು ಮುಂದೆ ಬಂದಿದ್ದಾರೆ?

ಮೂರನೆಯದು ಕಾನೂನಿನ ವಾದ. ಬೀದಿಯಲ್ಲಿ ಕೂತ ಮೇಲೆ ಮುಖ ಎಲ್ಲರದೂ ಅಂತೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಅಂಟಿಕೊಂಡಿರುವುದು ಮನುಷ್ಯನಿಗೆ, ಜಾಗಕ್ಕಲ್ಲ. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಅದು ಆಧಾರ್ ವಿಚಾರದಿಂದ ಹುಟ್ಟಿದ ಮೊಕದ್ದಮೆ, ಕ್ಯಾಮೆರಾದ್ದಲ್ಲ, ಬಲ್ಲೆ. ನಾನು ಕೋರ್ಟಿಗೆ ಹೋಗುವವಳೂ ಅಲ್ಲ. ಕಾನೂನು ಬಿಟ್ಟದ್ದನ್ನೆಲ್ಲ ಮಾಡಬಹುದು ಎಂದು ಯಾವ ಮೇಷ್ಟರೂ ಮಕ್ಕಳಿಗೆ ಕಲಿಸುವುದಿಲ್ಲ, ಅಷ್ಟೇ.

ಕಾವೇರಿ ಗಲಾಟೆಯಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ರೈತರು ರಸ್ತೆಗೆ ಅಡ್ಡ ಮಲಗಿದಾಗ ಪತ್ರಿಕೆಯವರು ಹೆಸರು ಕೇಳುತ್ತಾ ಕೂರಲಿ ಎನ್ನುವಷ್ಟು ದಡ್ಡಿ ನಾನಲ್ಲ. ಅವರು ಲೋಕ ನೋಡಲಿ ಎಂದೇ ಬಂದವರು. ಹಲ್ಲು ಕೀಳಿಸಿಕೊಂಡು ಬಸ್ಸಿಗೆ ಕಾಯುವವಳು ಹಾಗೆ ಬಂದವಳೇ?

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಬಗೆಯ ಛಾಯಾಗ್ರಾಹಕರನ್ನೂ ಕಂಡಿದ್ದೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಲು ಬಂದಾಗ ಅವರೂ ಬರುತ್ತಾರೆ. ಗೂಡಿನ ಹತ್ತಿರ ಹೋಗಬಾರದು, ಮರಿಗೆ ಗಾಬರಿ ಮಾಡಬಾರದು ಎಂದು ಪಿಸುಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿ ದೊಡ್ಡ ಕ್ಯಾಮೆರಾ ಒಯ್ದರೆ ಶುಲ್ಕ ಕಟ್ಟಬೇಕು. ಹಕ್ಕಿಯ ಜಾತಿ, ಹೆಸರು, ಗಂಡೋ ಹೆಣ್ಣೋ, ಎಲ್ಲವನ್ನೂ ವಿಚಾರಿಸಿ ಸರಿಯಾಗಿ ಬರೆಯುತ್ತಾರೆ. ತಪ್ಪು ಬರೆದರೆ ನಾಚಿಕೊಳ್ಳುತ್ತಾರೆ. ಸಂತೋಷ. ಕೊಕ್ಕರೆಗೆ ಕೊಟ್ಟ ಮರ್ಯಾದೆಯಲ್ಲಿ ಅರ್ಧದಷ್ಟನ್ನು ಮದ್ದೂರು ಬಸ್ ನಿಲ್ದಾಣದ ಮುದುಕಿಗೂ ಕೊಡಿ ಎಂದರೆ ಅದು ಕಲೆಗೆ ಅಡ್ಡಿಯೇ?

ಚಿತ್ರವನ್ನು ದೊಡ್ಡವ್ವನಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಅಡಿಬರಹದ ಅರ್ಥ ಹೇಳಲು ನನಗೆ ಬಾಯಿ ಬರಲಿಲ್ಲ.

"ಸತ್ತೋರ್ ಪಟ ಇದ್ದಂಗದಲ್ಲ ಮಗಾ" ಎಂದಳು. ಆಮೇಲೆ, "ಒಂದ್ ಮಾತ್ ಯೋಳಿದ್ರೆ ಒಸಿ ಸೆರಗಾದ್ರೂ ಸರಿ ಮಾಡ್ಕತಿದ್ನಲ್ಲ" ಎಂದಳು.

ಅವಳ ಹೆಸರನ್ನು ಇಲ್ಲಿ ಬರೆಯಲೇ ಎಂದು ಕೇಳಿದೆ. "ಬ್ಯಾಡ ಕನ್ ಮಗಾ" ಎಂದಳು. ಆದ್ದರಿಂದ ಬರೆದಿಲ್ಲ. ಕೇಳುವುದೆಂದರೆ ಇಷ್ಟೆ. ಬೇಡವೆಂದರೆ ಬಿಡಲು ಸಿದ್ಧವಿರಬೇಕು.

ಆಮೇಲೆ ನಾನು ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಬೀದಿಯ ಹಿರಿಯರೊಬ್ಬರನ್ನು ಕೇಳಿ, ಅವರು ಒಪ್ಪಿದರೆ ಮನೆಯವರ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಹೆಸರು, ಊರು, ಅವರಾಗಿ ಹೇಳಿದ ಒಂದು ಮಾತು ಬರೆದುಕೊಂಡು ಬನ್ನಿ. ಚಿತ್ರವನ್ನು ಮೊದಲು ಅವರಿಗೆ ತೋರಿಸಿ. ಮೂವರು ಹಿರಿಯರು ಬೇಡವೆಂದರಂತೆ. ಒಬ್ಬಾಕೆ ಅರ್ಧ ಗಂಟೆ ಕಾಯಿಸಿ, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡು ಬಂದರಂತೆ. ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುವ ಯಜಮಾನರೊಬ್ಬರು ಎಳನೀರು ಕೆತ್ತುವ ಮಚ್ಚನ್ನು ಕೆಳಗಿಟ್ಟು, ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದರು. ಚಿತ್ರಗಳೆಲ್ಲ ನೆಟ್ಟಗೆ ನಿಂತ, ಕ್ಯಾಮೆರಾವನ್ನೇ ದಿಟ್ಟಿಸಿ ನೋಡುವ ಚಿತ್ರಗಳು. ಸ್ಪರ್ಧೆಗೆ ಕಳಿಸಿದರೆ ಪಾಸ್‌ಪೋರ್ಟ್ ಫೋಟೋ ಎಂದು ತೀರ್ಪುಗಾರರು ನಗುತ್ತಾರೆ. ನನಗೆ ಅವು ಇಷ್ಟವಾದವು. ಹೇಗೆ ಕಾಣಬೇಕೆಂಬುದನ್ನು ಆ ಜನ ತಾವೇ ನಿರ್ಧರಿಸಿದ್ದರು.

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಭಾನುವಾರ ಬರುವ ಮಕ್ಕಳೇ, ನೀವೂ ನನ್ನ ಶಿಷ್ಯರ ವಯಸ್ಸಿನವರೇ. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮದ್ದೂರಿನ ಒಳಕ್ಕೆ ಇಳಿದು ಬರುವವರೇ ಕಡಿಮೆ. ನೀವು ಬರುತ್ತೀರಿ, ಬನ್ನಿ. ಆದರೆ ನೀವು ಅಪರಿಚಿತರೆಂದು ಕರೆಯುವ ಈ ಜನ ನಿಮಗಷ್ಟೇ ಅಪರಿಚಿತರು, ಈ ಊರಿಗಲ್ಲ. ಚಿತ್ರ ತೆಗೆಯುವ ಮೊದಲೋ ಆಮೇಲೋ ಒಂದು ಮಾತು ಆಡಿಸಿ. ಹೆಸರು ಕೇಳಿ. ತಿಳಿಯದ ಕಥೆ ಕಟ್ಟಬೇಡಿ. ಒಂದು ಪ್ರತಿ ತೊಳೆಸಿ ಅಂಚೆಗೆ ಹಾಕಿ. ಬಹುಮಾನದ ಹಣದಲ್ಲಿ ಅದು ಎಷ್ಟರ ಖರ್ಚು? ಆಮೇಲೆ ಬಣ್ಣದಲ್ಲಿ ಬೇಕಾದರೂ ತೆಗೆಯಿರಿ, ಕಪ್ಪು-ಬಿಳುಪಿನಲ್ಲಿ ಬೇಕಾದರೂ ತೆಗೆಯಿರಿ, ಅವರನ್ನೇ ಕೇಳಿ.

ಪುರುಸೊತ್ತಿಲ್ಲ ಎನ್ನಬೇಡಿ. ಮಳವಳ್ಳಿ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಮಾತಾಡಲು ಬೇಕಾದಷ್ಟು ಸಮಯವಿರುತ್ತದೆ.